ಸಸಿಗಳನ್ನು ಗಟ್ಟಿಗೊಳಿಸುವಿಕೆ

ಸಸಿಗಳನ್ನು ಗಟ್ಟಿಗೊಳಿಸುವಿಕೆ ಎಂದರೆ ಮನೆಯೊಳಗೆ, ನೆರಳುಮನೆಯಲ್ಲಿ ಅಥವಾ ಸಸಿಮಡಿಯ ಹೊದಿಕೆಯ ಕೆಳಗೆ ಬೆಳೆಸಿದ ಎಳೆಯ ಸಸಿಗಳನ್ನು ನಾಟಿಗೆ ಮುನ್ನ ಬಿಸಿಲು, ಗಾಳಿ ಮತ್ತು ನೀರಿನ ಕೊರತೆಗೆ ಹಂತಹಂತವಾಗಿ ಒಗ್ಗಿಸುವ ಕ್ರಮ. ಮೆಣಸಿನಕಾಯಿ, ಟೊಮೆಟೊ, ಬದನೆ, ಎಲೆಕೋಸು ಮೊದಲಾದ ನಾಟಿ ಬೆಳೆಗಳಲ್ಲಿ ಇದು ರೂಢಿಯಲ್ಲಿದೆ. ಪ್ರಸ್ತುತ ಲೇಖನವು ಹುಬ್ಬಳ್ಳಿ-ಧಾರವಾಡ ಮತ್ತು ಹಾವೇರಿ ಭಾಗದ ಮೆಣಸಿನ ಸಸಿಗಳನ್ನು ಮುಖ್ಯವಾಗಿ ಕುರಿತದ್ದು. ಈ ಭಾಗದ ಆಡುಮಾತಿನಲ್ಲಿ ಸಸಿಗೆ ‘ಅಗಿ’ ಎಂದೂ, ನಾಟಿ ಮಾಡುವುದಕ್ಕೆ ‘ಅಗಿ ಹಚ್ಚುವುದು’ ಎಂದೂ ಹೇಳುತ್ತಾರೆ.

ಹಿನ್ನೆಲೆ

ಅಮೆರಿಕ ಖಂಡದ ಮೂಲದ ಮೆಣಸಿನಕಾಯಿಯನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರನ್ನು ಹೊತ್ತ, ಖಾರ ಕಡಿಮೆಯಿದ್ದು ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಡಬ್ಬಿ ಮತ್ತು ಕಡ್ಡಿ ಇದರ ಎರಡು ಪ್ರಸಿದ್ಧ ಬಗೆಗಳು. ಮಳೆಯಾಶ್ರಿತ ಹೊಲಗಳಲ್ಲಿ ಬೀಜವನ್ನು ನೇರವಾಗಿ ಬಿತ್ತುವ ಪದ್ಧತಿಯೂ ಇದೆ. ಹಾಗೆ ಹುಟ್ಟಿದ ಗಿಡ ಮೊದಲ ದಿನದಿಂದಲೇ ಬಿಸಿಲಿನಲ್ಲಿ ಬೆಳೆಯುವುದರಿಂದ ಅದಕ್ಕೆ ಈ ಉಪಚಾರ ಬೇಕಿಲ್ಲ. ಆದರೆ ಸಂಕರಣ ತಳಿಗಳ ಬೀಜ ಗ್ರಾಂ ಲೆಕ್ಕದಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಅದನ್ನು ಹೊಲದಲ್ಲಿ ಚೆಲ್ಲಿ ಕೈಬಿಡುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಸಸಿ ಬೆಳೆಸಿ ನಾಟಿ ಮಾಡುವುದೇ ಅಲ್ಲಿ ದಾರಿ.

ಸಸಿ ಬೆಳೆಸುವಿಕೆ

ಏರುಮಡಿಯಲ್ಲಿ ಅಥವಾ ತೆಂಗಿನ ನಾರಿನ ಪುಡಿ ತುಂಬಿದ 98 ಗುಳಿಗಳ ಪ್ರೋಟ್ರೇಗಳಲ್ಲಿ ಬೀಜವನ್ನು ಬಿತ್ತುತ್ತಾರೆ. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ; ಒಂದು ವಾರದಿಂದ ಹತ್ತು ದಿನಗಳಲ್ಲಿ ಮೊಳಕೆ ಕಾಣಿಸುತ್ತದೆ. ಮೊಳಕೆಯೊಡೆಯಲು ಬೆಳಕು ಮುಖ್ಯವಲ್ಲ, ಆದರೆ ಬೀಜದಳ ಬಿಚ್ಚಿದ ಕೂಡಲೇ ಬೆಳಕು ಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯಂತಹ ನಗರ ಪ್ರದೇಶದಲ್ಲಿ, ಅಂಗಳವಿಲ್ಲದ ಮನೆಯ ಕಿಟಕಿಯ ಬಳಿ ಟ್ರೇ ಇಟ್ಟು ಸಸಿ ಎಬ್ಬಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಬೆಳಕು ಸಾಲದೆ ಸಸಿ ಬಿಳಚಿಕೊಂಡು, ಕಿಟಕಿಯ ಕಡೆಗೆ ಬಾಗಿ, ನೂಲಿನಂತೆ ಉದ್ದವಾಗುತ್ತದೆ. ಇಂತಹ ಸಸಿಯನ್ನು ಎಷ್ಟು ಒಗ್ಗಿಸಿದರೂ ಅದರ ಕಾಂಡಕ್ಕೆ ಬಲ ಬರುವುದು ಕಷ್ಟ.

ನೀರು ಹೆಚ್ಚಾದರೆ ಪಿಥಿಯಂ ಮೊದಲಾದ ರೋಗಾಣುಗಳಿಂದ ಕಾಂಡದ ಬುಡ ಕೊಳೆತು ಸಸಿಗಳು ನೆಲಕ್ಕೆ ಒರಗುತ್ತವೆ. ಒಂದು ಮೂಲೆಯಲ್ಲಿ ಆರಂಭವಾದ ಈ ಸಸಿ ಸಾಯುವ ರೋಗ ಕೆಲವೇ ದಿನಗಳಲ್ಲಿ ಇಡೀ ಮಡಿಗೆ ಹರಡಬಲ್ಲುದು. ನೀರು ಬಸಿದುಹೋಗುವ ಮಡಿ, ತೆಳುವಾದ ಬಿತ್ತನೆ ಮತ್ತು ಟ್ರೈಕೋಡರ್ಮಾದಿಂದ ಬೀಜೋಪಚಾರ ಇದಕ್ಕೆ ತಡೆ. ಎಲೆ ಮುಟುರು ರೋಗಕ್ಕೆ ಕಾರಣವಾಗುವ ಥ್ರಿಪ್ಸ್ ಮತ್ತಿತರ ಕೀಟಗಳು ಒಳಹೋಗದಂತೆ ಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಹೊದಿಸುತ್ತಾರೆ.

ಒಗ್ಗಿಸುವ ಕ್ರಮ

ನೆರಳಿನಲ್ಲಿ ಬೆಳೆದ ಎಲೆ ತೆಳುವಾಗಿರುತ್ತದೆ. ಅದರ ಮೇಲಿನ ಮೇಣದ ಪದರವೂ ತೆಳು. ಅದನ್ನು ಒಮ್ಮೆಲೇ ಬಯಲಿಗೆ ತಂದರೆ ಬೇರು ಹೀರುವ ನೀರಿಗಿಂತ ಎಲೆಯಿಂದ ಆವಿಯಾಗುವ ನೀರೇ ಹೆಚ್ಚಾಗಿ ಸಸಿ ಬಾಡುತ್ತದೆ, ಎಲೆಯ ಮೇಲೆ ಬಿಳಿಯ ಸುಟ್ಟ ಕಲೆಗಳು ಮೂಡುತ್ತವೆ. ನಿಧಾನವಾಗಿ ಹೊರಗಿನ ಹವೆಗೆ ಒಡ್ಡಿದಾಗ ಮೇಣದ ಪದರ ದಪ್ಪವಾಗುತ್ತದೆ, ಪತ್ರರಂಧ್ರಗಳು ನೀರಿನ ಕೊರತೆಗೆ ಬೇಗ ಸ್ಪಂದಿಸುತ್ತವೆ, ಬೆಳವಣಿಗೆ ತಗ್ಗಿ ಕಾಂಡ ಮತ್ತು ಎಲೆಗಳಲ್ಲಿ ಪಿಷ್ಟ, ಸಕ್ಕರೆ ಸಂಗ್ರಹವಾಗುತ್ತದೆ. ನಾಟಿಯ ನಂತರ ಹೊಸ ಬೇರು ಬಿಡಲು ಈ ಸಂಗ್ರಹವೇ ಆಧಾರ.

ನಾಟಿಗೆ ಏಳರಿಂದ ಹತ್ತು ದಿನ ಮೊದಲು ಈ ಕ್ರಮವನ್ನು ಆರಂಭಿಸುತ್ತಾರೆ. ಮೊದಲ ದಿನ ಒಂದೆರಡು ಗಂಟೆ ಎಳೆಬಿಸಿಲು, ಅನಂತರ ದಿನದಿಂದ ದಿನಕ್ಕೆ ಅವಧಿ ಹೆಚ್ಚಿಸಿ, ಕೊನೆಯ ಎರಡು ದಿನ ಹಗಲೂ ರಾತ್ರಿ ಹೊರಗೆ. ನೀರನ್ನು ಕಡಿಮೆ ಮಾಡಬೇಕೇ ಹೊರತು ನಿಲ್ಲಿಸಬಾರದು. ಬೆಳಗಿನ ಹೊತ್ತಿನಲ್ಲಿಯೇ ಎಲೆ ಜೋತುಬಿದ್ದಿದ್ದರೆ ಕೊರತೆ ಮಿತಿಮೀರಿದೆ ಎಂದು ತಿಳಿಯಬೇಕು. ಸಾರಜನಕ ಗೊಬ್ಬರವನ್ನು ಈ ಅವಧಿಯಲ್ಲಿ ಕೊಡುವುದಿಲ್ಲ. ಮನೆಯ ಮಾಳಿಗೆಯ ಮೇಲೆ ಸಸಿ ಇಡುವವರು ಟ್ರೇಗಳನ್ನು ಕಾದ ಕಾಂಕ್ರೀಟಿನ ಮೇಲೆ ನೇರವಾಗಿ ಇಡದೆ ಹಲಗೆ ಅಥವಾ ಇಟ್ಟಿಗೆಯ ಮೇಲೆ ಇಡುವುದು ಒಳ್ಳೆಯದು. ಜೂನ್ ತಿಂಗಳ ಹುಬ್ಬಳ್ಳಿಯಲ್ಲಿ ಬಿಸಿಲಿಗಿಂತ ಪಡುವಣ ಗಾಳಿಯ ಕಾಟವೇ ಹೆಚ್ಚು. ಮೋಡ ಕವಿದ ದಿನವೆಂದು ಸಸಿಗಳನ್ನು ಮಾಳಿಗೆಯಲ್ಲಿ ಮರೆಯಿಲ್ಲದೆ ಬಿಟ್ಟರೆ ಕಾಂಡ ತಿರುಚಿಕೊಳ್ಳುತ್ತದೆ.

ಮಳೆಯೊಡನೆ ಹೊಂದಾಣಿಕೆ

ಸುಮಾರು 35ರಿಂದ 45 ದಿನಗಳ ಸಸಿ ನಾಟಿಗೆ ತಕ್ಕದ್ದು. ನೀರಾವರಿಯಿಲ್ಲದ ರೈತನಿಗೆ ಇದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಮೇ ತಿಂಗಳಲ್ಲಿ ಮಡಿ ಹಾಕಿದವನ ಅಗಿ ಆರಿದ್ರಾ ಮಳೆಯ ಹೊತ್ತಿಗೆ ಸಿದ್ಧವಾಗಿರುತ್ತದೆ. ಆ ಮಳೆ ಕೈಕೊಟ್ಟರೆ ಸಸಿ ಮಡಿಯಲ್ಲಿಯೇ ಬಲಿತು, ಕಾಂಡ ಕಟ್ಟಿಗೆಯಂತಾಗಿ, ಗಿಡ ಬೆಳೆಯುವ ಮೊದಲೇ ಹೂ ಬಿಡಲು ತೊಡಗುತ್ತದೆ. ಮಳೆ ಬಂದಿತೆಂದು ಅವಸರದಿಂದ ನಾಟಿ ಮಾಡಿ, ಮತ್ತೆ ಹದಿನೈದು ದಿನ ಮಳೆ ನಿಂತರೆ ಒಗ್ಗದ ಸಸಿಗಳು ಮೊದಲು ಒಣಗುತ್ತವೆ. ಎರಡನೆಯ ಸಲ ಹಚ್ಚಲು ಮಡಿಯಲ್ಲಿ ಅಗಿಯೂ ಉಳಿದಿರುವುದಿಲ್ಲ, ಬೀಜಕ್ಕೆ ಹಣವೂ ಇರುವುದಿಲ್ಲ. ಈ ಕಾರಣದಿಂದ ಅನುಭವಿಗಳು ಎಂಟು ಹತ್ತು ದಿನಗಳ ಅಂತರದಲ್ಲಿ ಎರಡು ಮಡಿಗಳನ್ನು ಹಾಕಿಕೊಳ್ಳುವುದುಂಟು. ನಾಟಿಯನ್ನು ಸಂಜೆ ಅಥವಾ ಮೋಡದ ದಿನ ಮಾಡಿ, ಕೀಳುವ ಮುನ್ನ ಮಡಿಗೆ ಚೆನ್ನಾಗಿ ನೀರುಣಿಸುತ್ತಾರೆ; ಸತ್ತ ಸಸಿಗಳ ಜಾಗವನ್ನು ಒಂದು ವಾರದೊಳಗೆ, ಅದೇ ವಯಸ್ಸಿನ ಅಗಿಗಳಿಂದ ತುಂಬುತ್ತಾರೆ.