ಪೆನ್ ಟೂಲ್, ಕ್ಯಾಸೆಟ್, ಲೈವ್: ಕೈ ನೋಡಿ ಕಲಿತವರ ಚರಿತ್ರೆ

ಈ ವಾರದ ಸಂಚಿಕೆ ಕೇಳಿದವರಿಗೆ ನೆನಪಿರಬಹುದು. ಮಾತಿನ ಮಧ್ಯೆ "ಡಿಸೈನ್ ಸಾಫ್ಟ್‌ವೇರನ್ನ ಪುಸ್ತಕ ಓದಿ ಕಲಿಯೋಕಾಗಲ್ಲ" ಅಂತ ಹೇಳಿ ನಾನು ಮುಂದೆ ಹೋಗಿಬಿಟ್ಟೆ. ಯಾಕೆ ಆಗಲ್ಲ ಅನ್ನೋದನ್ನ ಹೇಳೋಕೆ ಅಲ್ಲಿ ಸಮಯ ಸಿಗಲಿಲ್ಲ. ಇಲ್ಲಿ ಬರೆಯುತ್ತೇನೆ.

ನಿಮ್ಮ ಮನೆಯಲ್ಲಿ ಹಳೇ ರಂಗೋಲಿ ಪುಸ್ತಕ ಇದ್ದರೆ ತೆಗೆದು ನೋಡಿ. 15 ಚುಕ್ಕಿ, ಮಧ್ಯ ಚುಕ್ಕಿ, 8ರವರೆಗೆ ಅಂತ ಲೆಕ್ಕ ಇರುತ್ತೆ, ಪಕ್ಕದಲ್ಲಿ ಮುಗಿದ ಚಿತ್ರ. ಎಳೆ ಎಲ್ಲಿಂದ ಶುರು, ಯಾವ ಚುಕ್ಕಿಯ ಹತ್ತಿರ ಕೈ ತಿರುಗಬೇಕು ಅನ್ನೋದು ಮಾತ್ರ ಇರಲ್ಲ. ಅದನ್ನ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತೇ ಕಲೀಬೇಕು.

1987ರಲ್ಲಿ ಅಡೋಬ್ ಕಂಪನಿ ಇಲ್ಲಸ್ಟ್ರೇಟರ್ ಹೊರತಂದಾಗ ಅವರಿಗೂ ಇದೇ ಕಷ್ಟ ಎದುರಾಯಿತು. ಅದರ ಜೀವಾಳ ಪೆನ್ ಟೂಲ್. ಹೆಸರು ಪೆನ್ ಆದರೂ ಪೆನ್ನಿನ ಹಾಗೆ ಬರೆಯಲ್ಲ. ಮೌಸ್ ಒತ್ತಿ ಎಳೆದರೆ ಗೆರೆ ನಿಮ್ಮ ಕೈ ಹಿಂದೆ ಬರೋದಿಲ್ಲ, ಎಳೆದ ದಿಕ್ಕಿಗೆ ಒಂದು ಹಿಡಿಕೆ ಚಾಚಿಕೊಳ್ಳುತ್ತೆ. ಮುಂದಿನ ಬಿಂದು ಇಟ್ಟಾಗ ಆ ಹಿಡಿಕೆಯ ದಿಕ್ಕು, ಉದ್ದಕ್ಕೆ ತಕ್ಕಂತೆ ಗೆರೆ ಬಾಗುತ್ತೆ. ಓದಿ ಏನಾದರೂ ಅರ್ಥ ಆಯಿತಾ? ಅದೇ ನಾನು ಹೇಳೋದು. (ಇದರ ಹಿಂದಿನ ಗಣಿತವನ್ನು ಫ್ರಾನ್ಸಿನ ರೆನೋ ಕಂಪನಿಯಲ್ಲಿ ಕಾರಿನ ಮೈಮಾಟ ಬರೆಯೋಕೆ ಬಳಕೆಗೆ ತಂದವರು ಪಿಯೇರ್ ಬೆಝಿಯೇ. ಆ ಕಥೆ ಇನ್ನೊಂದು ಸಲ.)

ಹಾಗಾಗಿ ಅಡೋಬ್‌ನವರು ಸಾಫ್ಟ್‌ವೇರ್ ಡಬ್ಬಿಯೊಳಗೆ ಒಂದು ವಿಎಚ್‌ಎಸ್ ಕ್ಯಾಸೆಟ್ಟನ್ನೂ ಇಟ್ಟರು. ಅದರಲ್ಲಿ ಪಾಠ ಹೇಳಿದವರು ಯಾರೋ ಬಾಡಿಗೆ ನಟರಲ್ಲ. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಜಾನ್ ವಾರ್ನಾಕ್ ಅವರೇ ಮೇಷ್ಟ್ರ ಹಾಗೆ ಪೆನ್ ಟೂಲ್ ತೋರಿಸಿದರು. ಅವರ ಹೆಂಡತಿ ಮಾರ್ವಾ ಗ್ರಾಫಿಕ್ ಡಿಸೈನರ್. ಆ ಕಸುಬಿನ ಕಷ್ಟವನ್ನ ಅವರು ಮನೆಯಲ್ಲೇ ಕಂಡಿದ್ದರು. ನಾವು ಇವತ್ತು ಯೂಟ್ಯೂಬಲ್ಲಿ ನೋಡೋ ಟ್ಯುಟೋರಿಯಲ್‌ಗಳಿಗೆ ನನ್ನ ಲೆಕ್ಕದಲ್ಲಿ ಆ ಕ್ಯಾಸೆಟ್ಟೇ ಅಜ್ಜ.

ಲೈವ್ ಇನ್ನೂ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು 1,000 ಜನರ ಮುಂದೆ 90 ನಿಮಿಷ ತಮ್ಮ ಕಂಪ್ಯೂಟರ್ ವ್ಯವಸ್ಥೆ ತೋರಿಸಿದರು. ಜನ ಮೌಸ್ ನೋಡಿದ್ದೇ ಅವತ್ತು. ಕಂಪ್ಯೂಟರ್ ಇದ್ದದ್ದು ಸುಮಾರು 48 ಕಿಲೋಮೀಟರ್ ಆಚೆ, ಮೆನ್ಲೋ ಪಾರ್ಕಿನಲ್ಲಿ. ಮೈಕ್ರೋವೇವ್ ಸಂಪರ್ಕದಲ್ಲಿ ಚಿತ್ರ ಬರುತ್ತಿತ್ತು. ದೊಡ್ಡ ಪರದೆಯ ಮೇಲೆ ಅವರ ಮುಖ, ಜೊತೆಗೇ ಅವರ ಸ್ಕ್ರೀನು. ಇವತ್ತಿನ ಯಾವುದೇ ಡಿಸೈನ್ ಲೈವ್ ತೆರೆದು ನೋಡಿ, ವಿನ್ಯಾಸ ಅದೇ.

ಈಗ ನನ್ನ ವಿಷಯ. 2011ರಲ್ಲಿ ಎಚ್-4 ವೀಸಾ ಮೇಲೆ ಬೇ ಏರಿಯಾಕ್ಕೆ ಬಂದೆ. ಕೆಲಸ ಮಾಡೋ ಹಾಗಿರಲಿಲ್ಲ. ಕಾಲೇಜಿಗೆ ಸೇರೋಕೆ ದುಡ್ಡಿರಲಿಲ್ಲ. ಇದ್ದದ್ದು ಲೈಬ್ರರಿ ಕಾರ್ಡು. ಅದರ ನಂಬರ್ ಹಾಕಿದರೆ ಲಿಂಡಾ ಡಾಟ್ ಕಾಮ್ ಪುಕ್ಕಟೆ ತೆರೆಯುತ್ತಿತ್ತು. ಲಿಂಡಾ ವೈನ್‌ಮನ್ ಮತ್ತು ಅವರ ಗಂಡ ಬ್ರೂಸ್ ಹೆವಿನ್ 1995ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಕ್ಯಾಲಿಫೋರ್ನಿಯಾದ ಓಹೈ ಊರಲ್ಲಿ ಎದುರಿಗೆ ಕೂರಿಸಿ ಕಲಿಸುತ್ತಿದ್ದವರು 2002ರಲ್ಲಿ ಪಾಠಗಳನ್ನ ಆನ್‌ಲೈನ್ ಹಾಕಿದರು. 2015ರಲ್ಲಿ ಲಿಂಕ್ಡ್‌ಇನ್ ಅದನ್ನ 150 ಕೋಟಿ ಡಾಲರಿಗೆ ಕೊಂಡಿತು. ಲೈಬ್ರರಿ ಓದುಗರೂ ಲಿಂಕ್ಡ್‌ಇನ್ ಪ್ರೊಫೈಲ್ ಮಾಡಿಕೊಳ್ಳಬೇಕು ಅನ್ನೋ ನಿಯಮ 2019ರಲ್ಲಿ ಹೊರಟಾಗ ಅಮೆರಿಕದ ಗ್ರಂಥಾಲಯ ಸಂಘ ಖಾಸಗಿತನದ ಪ್ರಶ್ನೆ ಎತ್ತಿತು. ನನ್ನಂಥವರಿಗೆ ಆ ಕಾರ್ಡು ಏನಾಗಿತ್ತು ಅಂತ ಅವರಿಗೆ ಗೊತ್ತಿತ್ತು.

2015ರ ಮೇ 26ರಿಂದ ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಸಿಗತೊಡಗಿತು. ನನಗೂ ಸಿಕ್ಕಿತು. ಒಂದು ಕಂಪನಿಯವರು ಸಂದರ್ಶನಕ್ಕೆ ಕರೆದು, ಮ್ಯಾಕ್ ಎದುರು ಕೂರಿಸಿ, ಸ್ಕೆಚ್‌ನಲ್ಲಿ ಒಂದು ಪುಟ ಮಾಡಿ ಅಂದರು. ಸ್ಕೆಚ್ ಓಡೋದು ಮ್ಯಾಕ್‌ನಲ್ಲಿ ಮಾತ್ರ, ನನ್ನ ಹತ್ತಿರ ಇದ್ದದ್ದು ವಿಂಡೋಸ್. ವಿಡಿಯೋ ನೋಡಿಕೊಂಡೇ ತಯಾರಾಗಿದ್ದೆ. ಹತ್ತು ನಿಮಿಷದಲ್ಲಿ ಏನೋ ಒತ್ತಿದೆ, ಎಲ್ಲಾ ಚೆಲ್ಲಾಪಿಲ್ಲಿ ಆಯಿತು. ಸರಿಪಡಿಸೋದು ಹೇಗೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ನಾನು ನೋಡಿದ ಒಂದು ಪಾಠದಲ್ಲೂ ಮೇಷ್ಟ್ರು ತಪ್ಪಿರಲಿಲ್ಲ. ತಪ್ಪಿದ್ದನ್ನೆಲ್ಲ ಕತ್ತರಿಸಿಯೇ ತಾನೇ ವಿಡಿಯೋ ಹಾಕೋದು?

2016ರಲ್ಲಿ ಎಲ್ಲರಿಗೂ ತೆರೆದ ಫಿಗ್ಮಾ ಬ್ರೌಸರಲ್ಲೇ ಓಡುತ್ತಿತ್ತು, ಯಾವ ಲ್ಯಾಪ್‌ಟಾಪ್ ಆದರೂ ಸರಿ. ಕಲಿಸೋರು ಕಡತದ ಲಿಂಕ್ ಕೊಟ್ಟರೆ, ಅವರು ಮಾಡಿದ್ದನ್ನ ನೀವು ಒಂದೊಂದೇ ಪದರ ಬಿಚ್ಚಿ ನೋಡಬಹುದು. ಕ್ಯಾಸೆಟ್ಟಿಗೆ ಈ ಗುಣ ಇರಲಿಲ್ಲ. ಆದರೆ ನನ್ನನ್ನ ಎತ್ತಿ ನಿಲ್ಲಿಸಿದ್ದು 2020ರ ಲಾಕ್‌ಡೌನಿನಲ್ಲಿ ನೋಡಿದ ಒಂದು ಲೈವ್. ಆಟೋ ಲೇಔಟ್ ಬಂದು ಕೆಲವು ತಿಂಗಳಾಗಿತ್ತಷ್ಟೆ. ಕಲಿಸುತ್ತಿದ್ದ ಹೆಂಗಸಿನ ಬಟನ್ ಇದ್ದಕ್ಕಿದ್ದಂತೆ ಪರದೆ ತುಂಬ ಹಿಗ್ಗಿತು. ಆಕೆ "ಅಯ್ಯೋ" ಅನ್ನೋ ಅರ್ಥದ್ದೇನೋ ಅಂದು ಹುಡುಕೋಕೆ ಕೂತರು. ಹೊರಗಿನ ಫ್ರೇಮ್ ನೋಡಿದರು, ಅಲ್ಲಿಲ್ಲ. ಒಳಗಿಂದು ನೋಡಿದರು. ಒಂದನ್ನ ಬಿಚ್ಚಿ ಮತ್ತೆ ಕಟ್ಟಿದರು. ಕೊನೆಗೆ ಚಾಟಲ್ಲಿ ಯಾರೋ ಬರೆದರು, ಮೂರನೇ ಪದರದ ಸೆಟ್ಟಿಂಗ್ ನೋಡಿ ಅಂತ. ತಪ್ಪು ಅಲ್ಲೇ ಇತ್ತು. ಹನ್ನೊಂದು ನಿಮಿಷ ಹಿಡಿಯಿತು. ಎಲ್ಲಿಂದ ಹುಡುಕಬೇಕು, ಯಾವ ಕ್ರಮದಲ್ಲಿ ಅನ್ನೋದನ್ನ ನಾನು ಕಲಿತದ್ದು ಆ ಹನ್ನೊಂದು ನಿಮಿಷದಲ್ಲಿ. 2021ರಲ್ಲಿ ಕೆಲಸ ಸಿಕ್ಕಿತು, ಬಂದು ಹತ್ತು ವರ್ಷಕ್ಕೆ.

ಈಗ ಶನಿವಾರ ಬೆಳಿಗ್ಗೆ ಕೆಲವು ಹೆಂಗಸರಿಗೆ ನಾನೇ ಕನ್ನಡದಲ್ಲಿ ಲೈವ್ ಮಾಡುತ್ತೇನೆ. ಆಟೋ ಲೇಔಟಿನ 'ಹಗ್' ಅಂದರೆ ಅಳತೆಗೆ ಹೊಲಿಸಿದ ರವಿಕೆ, 'ಫಿಲ್' ಅಂದರೆ ಗೋಡೆಯಿಂದ ಗೋಡೆಗೆ ಹಾಸಿದ ಜಮಖಾನ. ಇಂಗ್ಲಿಷಿಗಿಂತ ಬೇಗ ತಲೆಗೆ ಹೋಗುತ್ತೆ. ಹೋದ ವಾರ ನನ್ನದೇ ಮೆನು ಕುಸಿದು, ನಾಲ್ಕು ನಿಮಿಷ ಬಾಯಿ ಮುಚ್ಚಿ ಹುಡುಕಿದೆ. ಯಾರೂ ಎದ್ದು ಹೋಗಲಿಲ್ಲ. ಆಮೇಲೆ ರೆಕಾರ್ಡಿಂಗ್ ಹಾಕುವಾಗ ಮಗಳು ಕೇಳಿದಳು: "ಅಮ್ಮಾ, ಇಲ್ಲಿ ಬೋರ್ ಆಗುತ್ತೆ, ಕಟ್ ಮಾಡ್ಲಾ?"

ಬೇಡ ಅಂದೆ.