ನಾಯಿಗೆ ಹಸಿ ಮಾಂಸವೇ ಸರಿಯಾದ ಆಹಾರವೇ?

"ನಾಯಿ ತೋಳದ ಜಾತಿ. ಅದಕ್ಕೆ ಬೇಯಿಸಿದ ಅಡುಗೆ ಯಾಕೆ? ಹಸಿ ಮಾಂಸ ಹಾಕಿದರೆ ಸಾಕು." ನಾಯಿ ಸಾಕುವವರ ನಡುವೆ ಈ ಮಾತು ಆಗಾಗ ಕೇಳಿಬರುತ್ತದೆ. ಇದು ಎಷ್ಟು ಸರಿ ಎಂದು ನೋಡೋಣ.

ನಾಯಿ ಈಗ ತೋಳವಲ್ಲ

ಸಾವಿರಾರು ವರ್ಷ ಮನುಷ್ಯನ ಜೊತೆ ಬದುಕಿದ ನಾಯಿಯ ಜೀರ್ಣಶಕ್ತಿಯೇ ಬದಲಾಗಿದೆ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳಗಳಲ್ಲಿ 2 ಪ್ರತಿ ಇದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳಿರುವುದನ್ನು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ನಮ್ಮ ಊರಿನ ನಾಯಿಗಳು ಅನ್ನ, ಮುದ್ದೆ, ರೊಟ್ಟಿ ತಿಂದು ಅರಗಿಸಿಕೊಳ್ಳಲು ಇದೂ ಒಂದು ಕಾರಣ.

ಅಪಾಯ ನಾಯಿಗೆ ಮಾತ್ರವಲ್ಲ

ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿ, ಲಿಸ್ಟೀರಿಯಾ ಮುಂತಾದ ಬ್ಯಾಕ್ಟೀರಿಯಾಗಳು ಇರಬಹುದು. ಅದನ್ನು ತಿಂದ ನಾಯಿ ಆರೋಗ್ಯವಾಗಿಯೇ ಕಾಣಬಹುದು, ಆದರೆ ಅದರ ಮಲದಲ್ಲಿ ರೋಗಾಣುಗಳು ಹೊರಬರುತ್ತಿರುತ್ತವೆ. ಹೀಗಾಗಿ "ನಮ್ಮ ನಾಯಿಗೆ ಏನೂ ಆಗಿಲ್ಲ" ಎಂಬುದು ಸುರಕ್ಷತೆಗೆ ಪುರಾವೆಯಲ್ಲ. ಅದೇ ನೆಲದ ಮೇಲೆ ಅಂಬೆಗಾಲಿಡುವ ಮಗುವಿಗೆ, ಮನೆಯ ಗರ್ಭಿಣಿಗೆ, ವಯಸ್ಸಾದವರಿಗೆ ಸೋಂಕು ತಗುಲಬಹುದು. ಫ್ರೀಜರ್‌ನಲ್ಲಿ ಇಟ್ಟರೂ ಸಾಲ್ಮೊನೆಲ್ಲಾ ಪೂರ್ತಿ ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ಮಾಂಸದಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕುರಿ, ಮೇಕೆಗಳ ಲಿವರ್ ಮತ್ತು ಶ್ವಾಸಕೋಶವನ್ನು ಹಸಿಯಾಗಿ ಹಾಕುವುದು ಇನ್ನೂ ಅಪಾಯಕರ. ಎಕಿನೊಕಾಕಸ್ ಎಂಬ ಲಾಡಿಹುಳು ಈ ದಾರಿಯಿಂದ ನಾಯಿಯ ಕರುಳನ್ನು ಸೇರುತ್ತದೆ. ನಾಯಿಯ ಮಲದಲ್ಲಿ ಬರುವ ಅದರ ಮೊಟ್ಟೆಗಳು ಕೈ, ನೀರು, ಸೊಪ್ಪು-ತರಕಾರಿಗಳ ಮೂಲಕ ಮನುಷ್ಯರ ಹೊಟ್ಟೆ ಸೇರಿದರೆ ಲಿವರ್ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಗಡ್ಡೆಗಳು ಬೆಳೆಯುತ್ತವೆ. ಇದೇ ಹೈಡಾಟಿಡ್ ರೋಗ. ವರ್ಷಗಟ್ಟಲೆ ಗೊತ್ತೇ ಆಗದೆ ಬೆಳೆಯುವ ಈ ಗಡ್ಡೆಗಳಿಗೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಬೇಯಿಸಿದ ಮಾಂಸ ಮಾತ್ರ ಸಾಕೇ?

ಸಾಲದು. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ. ನಾಯಿಗೆ ಬೇಕಾಗಿರುವುದು ರಂಜಕದಷ್ಟೇ, ಅಥವಾ ಅದಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. ಬರೀ ಮಾಂಸ ತಿಂದು ಬೆಳೆಯುವ ಮರಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕಾಲು ಸೊಟ್ಟಗಾಗಬಹುದು, ಸಣ್ಣ ಜಿಗಿತಕ್ಕೂ ಮುರಿಯಬಹುದು.

ಹಾಗೆಂದು ಮೂಳೆ ಹಾಕುವುದು ಪರಿಹಾರವಲ್ಲ. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಹಸಿ ಮೂಳೆಯೂ ಹಲ್ಲು ಮುರಿಯಬಹುದು. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2013ರಲ್ಲಿ ನಾಯಿಗಳಿಗೆಂದೇ ಬರೆದ 200 ಅಡುಗೆ ವಿಧಾನಗಳನ್ನು ಪರೀಕ್ಷಿಸಿದಾಗ, ಶೇ. 95ರಷ್ಟರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಸಾಕಷ್ಟಿರಲಿಲ್ಲ.

ಹಾಗಾದರೆ ಏನು ಮಾಡಬೇಕು?

• ಮಾಂಸವನ್ನು ಚೆನ್ನಾಗಿ ಬೇಯಿಸಿ, ಮೂಳೆ ತೆಗೆದು ಕೊಡಿ.
• ನಮ್ಮ ಸಾರಿನ ಮಾಂಸ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ.
• ದಿನವೂ ಮನೆ ಅಡುಗೆಯನ್ನೇ ಕೊಡುವುದಾದರೆ ಅನ್ನ, ತರಕಾರಿ, ಕ್ಯಾಲ್ಸಿಯಂ, ಜೀವಸತ್ವಗಳ ಅಳತೆಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಮರಿಗಳ ವಿಷಯದಲ್ಲಿ ಇದು ಕಡ್ಡಾಯ.
• ಪಶುವೈದ್ಯರು ಹೇಳಿದ ಸಮಯಕ್ಕೆ ಜಂತುಹುಳುವಿನ ಔಷಧಿ ಹಾಕಿಸಿ. ನಾಯಿಯ ತಟ್ಟೆ, ಮಲ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಒಟ್ಟಿನಲ್ಲಿ, ನಾಯಿಗೆ ಮಾಂಸ ಒಳ್ಳೆಯದೇ. ಆದರೆ ಅದು ಬೆಂದಿರಬೇಕು ಮತ್ತು ಊಟದ ಒಂದು ಭಾಗವಷ್ಟೇ ಆಗಿರಬೇಕು.