ಜುಹೂವಿನ ನೆಲದಿಂದ ಲೋಹದ ಬಿರುಕಿನವರೆಗೆ

ಮುಂಬಯಿಯ ದಾದರ್‌ನ ಉತ್ತರಕ್ಕೆ, ಅರಬ್ಬಿ ಸಮುದ್ರದ ಅಂಚಿನಲ್ಲಿರುವ ಜುಹೂ ವಿಮಾನ ನಿಲ್ದಾಣವು 1928ರಲ್ಲಿ ಆರಂಭವಾದಾಗ, ಹಗುರ ವಿಮಾನಗಳ ಲ್ಯಾಂಡಿಂಗ್ ಗೇರ್, ಅಂದರೆ ನೆಲ ಮುಟ್ಟುವಾಗಿನ ಆಘಾತವನ್ನು ತಾಳಿಕೊಳ್ಳುವ ಗಾಲಿ ಮತ್ತು ಕಾಲುಗಳ ಜೋಡಣೆಯು, ಸಾಮಾನ್ಯವಾಗಿ ಮಡಚಲು ಬಾರದ ಸರಳ ರಚನೆಯಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಜುಹೂವಿಗೆ ಅಂಚೆ ತಂದದ್ದು ಇಂಥ ಸ್ಥಿರ ಗಾಲಿಗಳ ಪುಸ್ ಮಾತ್ ವಿಮಾನದಲ್ಲಿ. ಆ ಅಂಚೆಯನ್ನು ವಿಮಾನಚಾಲಕ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಪುಸ್ ಮಾತ್‌ನ ಕಾಲುಗಳ ಹೊದಿಕೆಯನ್ನು ಚಾಲಕನು ಅಡ್ಡಲಾಗಿ ತಿರುಗಿಸಿದರೆ ಅದು ಗಾಳಿಗೆ ಎದುರೊಡ್ಡಿ ವೇಗವನ್ನು ತಗ್ಗಿಸುತ್ತಿತ್ತು. ಆ ಕಾಲದಲ್ಲಿ ನೆಲವೇ ದೊಡ್ಡ ತೊಡಕಾಗಿತ್ತು: ಮಳೆಗಾಲದಲ್ಲಿ ಜುಹೂ ಜಲಾವೃತವಾಗುತ್ತಿದ್ದುದರಿಂದ ಟಾಟಾ ವಿಮಾನಸೇವೆಯು ಪುಣೆಗೆ ಸ್ಥಳಾಂತರಗೊಳ್ಳಬೇಕಾಗುತ್ತಿತ್ತು.

ಗಾಳಿಯ ತಡೆಯನ್ನು ಕಡಿಮೆ ಮಾಡಲು ಹಾರಾಟದಲ್ಲಿ ಒಳಗೆ ಮಡಚಿಕೊಳ್ಳುವ ಗಾಲಿಗಳು ಬಳಕೆಗೆ ಬಂದ ಮೇಲೆ, ದೋಷದ ನೆಲೆಗಳೂ ಹೆಚ್ಚಿದವು. ತೈಲದ ಒತ್ತಡ ಅಥವಾ ವಿದ್ಯುತ್ ಮೋಟಾರು, ಗಾಲಿಯನ್ನು ಕೆಳಗಿಳಿದ ಸ್ಥಿತಿಯಲ್ಲಿ ಬಿಗಿಹಿಡಿಯುವ ಕೊಂಡಿ, ಚಾಲಕನಿಗೆ ಸೂಚನೆ ನೀಡುವ ದೀಪ, ಇವುಗಳಲ್ಲಿ ಯಾವುದು ಕೈಕೊಟ್ಟರೂ ಇಳಿಯುವಿಕೆ ಅಪಾಯಕ್ಕೆ ಸಿಲುಕುತ್ತದೆ. 2021ರ ಮೇ 6ರಂದು ರೋಗಿಯೊಬ್ಬರನ್ನು ಕರೆದೊಯ್ಯುತ್ತಿದ್ದ ಬೀಚ್‌ಕ್ರಾಫ್ಟ್ ಸಿ-90 ವಿಮಾನವು ನಾಗಪುರದಿಂದ ಮೇಲೇರುವಾಗ ಅದರ ಗಾಲಿಯೊಂದು ಕಳಚಿಬಿತ್ತು. ಚಾಲಕರು ವಿಮಾನವನ್ನು ಮುಂಬಯಿಗೆ ತಂದು, ನೊರೆ ಹರಡಿದ್ದ ರನ್‌ವೇಯ ಮೇಲೆ ಗಾಲಿಗಳನ್ನು ಬಳಸದೆ ಹೊಟ್ಟೆಯ ಮೇಲೆಯೇ ಇಳಿಸಿದರು. ಒಳಗಿದ್ದ ಐವರೂ ಪಾರಾದರು.

ಎಲ್ಲರೂ ಬದುಕುಳಿದ ಇಂಥ ಘಟನೆಯೂ ತನಿಖೆಗೆ ಅರ್ಹವೇ, ಏಕೆಂದರೆ ಅದೇ ದೋಷ ಅದೇ ಮಾದರಿಯ ಮತ್ತೊಂದು ವಿಮಾನದಲ್ಲಿ ಅಡಗಿರಬಹುದು. ತನಿಖಾಧಿಕಾರಿಗಳು ಬೇರಿಂಗ್, ಅಚ್ಚು, ನಟ್ಟುಗಳನ್ನು ಪರೀಕ್ಷಿಸಿ, ಅವುಗಳನ್ನು ಕೊನೆಯ ಬಾರಿ ಯಾರು, ಎಂದು ಬಿಗಿದರೆಂಬುದನ್ನು ನಿರ್ವಹಣಾ ದಾಖಲೆಗಳಲ್ಲಿ ಹುಡುಕುತ್ತಾರೆ. ಲೋಹವು ಒಂದೇ ಹೊಡೆತಕ್ಕೆ ಮುರಿದಿದ್ದರೆ ಮುರಿದ ಮುಖವು ಒರಟಾಗಿರುತ್ತದೆ. ಮರುಕಳಿಸುವ ಭಾರದಿಂದ ದಣಿದು, ಬಿರುಕು ನಿಧಾನವಾಗಿ ಬೆಳೆದು ಮುರಿದಿದ್ದರೆ, ದಾದರ್ ಚೌಪಾಟಿಯ ಮರಳಿನಲ್ಲಿ ಇಳಿತದ ನೀರು ಬಿಟ್ಟುಹೋಗುವ ಗೆರೆಗಳಂತೆ ಸಾಲುಸಾಲು ಗುರುತುಗಳು ಕಾಣುತ್ತವೆ.

ಹಾರಾಟಕ್ಕೆ ಅನುಮತಿ ಕೊಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಬಹುಕಾಲ ಇಂಥ ಬಹುತೇಕ ತನಿಖೆಗಳನ್ನೂ ನಡೆಸುತ್ತಿತ್ತು. 2012ರ ನಿಯಮಗಳ ಅನ್ವಯ ಪ್ರತ್ಯೇಕ ವಿಮಾನ ಅಪಘಾತ ತನಿಖಾ ಬ್ಯೂರೋ ರೂಪುಗೊಂಡಿತು. ತನಿಖೆಯ ಗುರಿ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎಂಬ ಅಂತರರಾಷ್ಟ್ರೀಯ ತತ್ತ್ವವನ್ನು ಆ ನಿಯಮಗಳೂ ಒಪ್ಪಿಕೊಂಡಿದ್ದವು. 2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಪ್ರೀಮಿಯರ್ 1ಎ ವಿಮಾನವು ಮುಂಗಾಲಿ ಇಳಿಯದೆಯೇ ನೆಲ ಸೇರಿದ್ದು, ಈ ತತ್ತ್ವದ ಅಗತ್ಯವನ್ನು ಮತ್ತೆ ತೋರಿಸಿತು. ದಂಡನೆಯ ಭಯವಿರುವಲ್ಲಿ ಕಾರ್ಮಿಕನು ತಾನು ಕಂಡ ಬಿರುಕನ್ನು ಮುಚ್ಚಿಡಬಹುದು. ಅದನ್ನು ನಿರ್ಭಯವಾಗಿ ದಾಖಲಿಸಬಲ್ಲ ವ್ಯವಸ್ಥೆಯಲ್ಲಿ ಮಾತ್ರ ಒಂದು ವಿಮಾನದ ದೋಷವು ಇನ್ನೊಂದರ ಪ್ರಯಾಣಿಕರನ್ನು ಕಾಯುತ್ತದೆ.